ಅಪ್‌ಡೇಟ್: ಮೂಡಲ್‌ನಲ್ಲಿ ಲೈಬ್ರರಿ ಲಿಂಕ್ ಕೊನೆಗೂ ತೆರೆಯಿತು

ಹೋದ ತಿಂಗಳು ಕೇಳಿದ್ದೆ: ಮೂಡಲ್ (ನಾವು ಪಾಠ ಹಾಕುವ ಆನ್‌ಲೈನ್ ತಾಣ) ಕೋರ್ಸ್ ಪುಟದಲ್ಲಿ ಹಾಕಿದ ಇ-ಜರ್ನಲ್ ಲಿಂಕ್ ಕ್ಯಾಂಪಸ್‌ನಲ್ಲಿ ತೆರೆಯುತ್ತದೆ, ವಿದ್ಯಾರ್ಥಿಗಳ ಮನೆಯಲ್ಲಿ ದುಡ್ಡು ಕೇಳುತ್ತದೆ, ಯಾಕೆ ಅಂತ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್.

ಕ್ಯಾಂಪಸ್‌ನಲ್ಲಿ ಪ್ರಕಾಶಕರು ನಮ್ಮನ್ನು ಗುರುತಿಸುವುದು ಐಪಿ ವಿಳಾಸದಿಂದ, ಅಂದರೆ ಇಂಟರ್‌ನೆಟ್‌ನಲ್ಲಿ ನಮ್ಮ ಕ್ಯಾಂಪಸ್ ನೆಟ್‌ವರ್ಕ್‌ಗಿರುವ ನಂಬರ್‌ನಿಂದ. ಮನೆಯ ವೈಫೈಗೆ ಆ ಗುರುತು ಎಲ್ಲಿಂದ ಬರಬೇಕು? ಜೊತೆಗೆ ನನ್ನದೊಂದು ಎಡವಟ್ಟು. ಬ್ರೌಸರ್ ಮೇಲಿದ್ದ ಉದ್ದನೆಯ ವಿಳಾಸವನ್ನೇ ಸುಮ್ನೆ ಕಾಪಿ ಮಾಡಿ ಅಂಟಿಸಿದ್ದೆ. ಅದರಲ್ಲಿ ಆ ಹೊತ್ತಿನ ಸೆಷನ್ ನಂಬರ್ ಸೇರಿತ್ತು. ಮರುದಿನಕ್ಕೆ ಲಿಂಕ್ ಸತ್ತಿರುತ್ತಿತ್ತು. ಈಗ ಮೊದಲು ಲೈಬ್ರರಿಯ ಪ್ರಾಕ್ಸಿ ವಿಳಾಸ (ಮನೆಯಿಂದ ಬಂದವರನ್ನೂ ಕ್ಯಾಂಪಸ್‌ನವರಂತೆ ಪ್ರಕಾಶಕರಿಗೆ ತೋರಿಸುವ ದಾರಿ), ಅದಕ್ಕೆ ಅಂಟಿಕೊಂಡು ಲೇಖನದ ಡಿಒಐ ಲಿಂಕ್, ಅಂದರೆ ಲೇಖನದ ಬದಲಾಗದ ವಿಳಾಸ. ಕ್ಲಿಕ್ ಮಾಡಿದರೆ ಲೈಬ್ರರಿ ಐಡಿ ಕೇಳುತ್ತದೆ, ಕೊಟ್ಟರೆ ಲೇಖನ ತೆರೆಯುತ್ತದೆ. ವಿಶ್ವವಿದ್ಯಾಲಯಗಳ ಲೈಬ್ರರಿಗಳನ್ನು ಜೋಡಿಸುವ ಇನ್‌ಫ್ಲಿಬ್‌ನೆಟ್ ಸಂಸ್ಥೆಯ ಇನ್‌ಫೆಡ್ ದಾರಿಯನ್ನೂ (ನಮ್ಮ ಸಂಸ್ಥೆಯ ಐಡಿಯಿಂದಲೇ ಪ್ರಕಾಶಕರ ತಾಣಕ್ಕೆ ಲಾಗಿನ್ ಆಗುವುದು) ಹೇಳಿದ್ದಿರಿ, ನಮ್ಮಲ್ಲಿ ಅದಿನ್ನೂ ಶುರುವಾಗಿಲ್ಲ.

ಪಿಡಿಎಫ್ ಇಳಿಸಿ ಮೂಡಲ್‌ಗೇ ಏರಿಸಿಬಿಡಿ ಅಂದವರಿಗೆ: ನಮ್ಮ ಲೈಬ್ರರಿಯನ್ ಮೇಡಂ ಬೇಡವೇ ಬೇಡ ಅಂದರು. ನಮ್ಮ ಲೈಸೆನ್ಸ್ ಒಪ್ಪಲ್ಲ. ಯಾರು ಎಷ್ಟು ಓದಿದರು ಅನ್ನುವ ಲೆಕ್ಕವೂ ಸಿಗುವುದಿಲ್ಲ. ಲೆಕ್ಕ ಇಲ್ಲದೆ ಮುಂದಿನ ವರ್ಷ ಆ ಜರ್ನಲ್‌ಗೆ ದುಡ್ಡು ಕೇಳೋದು ಕಷ್ಟ ಅಲ್ವಾ?

ನಿನ್ನೆ ರಾತ್ರಿ 11 ಗಂಟೆಗೆ ಒಬ್ಬ ವಿದ್ಯಾರ್ಥಿನಿ ಊರಿಂದ ಮೆಸೇಜ್ ಹಾಕಿದ್ದಳು: "ಸರ್, ತೆರೀತು."