ಸಹಾಯ ಬೇಕು: ಮೆಟ್ಟಿಲು ಹತ್ತಲಾಗದ ಅಮ್ಮನನ್ನು ಚಿಕ್ಕ ವಿಮಾನಕ್ಕೆ ಹತ್ತಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಬೇರೆ ಊರಿನಲ್ಲಿ ಅಮ್ಮನ ಮಂಡಿ ಆಪರೇಷನ್ ಇದೆ. ಬಸ್ಸಿನಲ್ಲಾದರೆ ಇಡೀ ರಾತ್ರಿ ಪ್ರಯಾಣ. ಅಷ್ಟು ಹೊತ್ತು ಕಾಲು ಮಡಚಿ ಕೂರೋದು ಅವರಿಂದ ಆಗಲ್ಲ. ಹತ್ತಿರದ ಚಿಕ್ಕ ವಿಮಾನ ನಿಲ್ದಾಣದಿಂದ ಒಂದು ಗಂಟೆ ಸಾಕು. ಅದು ನಮಗೆ ಎಷ್ಟು ದೊಡ್ಡ ಆಸರೆ ಅಂತ ಈಗ ಗೊತ್ತಾಗುತ್ತಿದೆ.

ಚಿಂತೆ ಮೆಟ್ಟಿಲಿನದು. ಅಲ್ಲಿಗೆ ಬರುವುದು ಎಟಿಆರ್ 72, 70 ಚಿಲ್ಲರೆ ಸೀಟಿನ ವಿಮಾನ. ಕಟ್ಟಡದಿಂದ ನೇರ ವಿಮಾನದೊಳಗೆ ನಡೆದು ಹೋಗುವ ಏರೋಬ್ರಿಡ್ಜ್ ಇಲ್ಲ. ಹಿಂಬಾಗಿಲಿಗೇ ಅಂಟಿಕೊಂಡಿರುವ ಕಿರಿದಾದ ಮೆಟ್ಟಿಲು ಹತ್ತಬೇಕು. ಅಮ್ಮ ಮನೆಯ ಮೂರು ಮೆಟ್ಟಿಲಿಗೇ ಗೋಡೆ ಹಿಡಿದು, ಪ್ರತಿ ಮೆಟ್ಟಿಲಲ್ಲೂ ಎರಡೂ ಪಾದ ಊರಿ, ಉಸಿರು ತಗೊಂಡು ಮುಂದೆ ಹೋಗುತ್ತಾರೆ.

ವೀಲ್‌ಚೇರ್ ಕೇಳುವಾಗ ಮೆಟ್ಟಿಲು ಹತ್ತಬಲ್ಲವರಿಗೆ ಡಬ್ಲ್ಯೂಸಿಎಚ್‌ಆರ್, ಹತ್ತಲಾಗದವರಿಗೆ ಡಬ್ಲ್ಯೂಸಿಎಚ್‌ಎಸ್ ಅಂತ ಬೇರೆ ಬೇರೆ ಕೋಡ್ ಇದೆ. ಎರಡನೆಯದನ್ನೇ ಹಾಕಿಸಿದ್ದೇನೆ. ಬಾಗಿಲು ಹತ್ತಿರ ಇರಲಿ ಅಂತ ಹಿಂದಿನ ಸಾಲಿನ ಸೀಟು ತಗೊಂಡಿದ್ದೇನೆ. ಆದರೆ ಅಲ್ಲಿ ವೀಲ್‌ಚೇರ್ ಸಮೇತ ವಿಮಾನದ ಬಾಗಿಲಿನವರೆಗೆ ಎತ್ತುವ ಆಂಬುಲಿಫ್ಟ್ ಗಾಡಿ ಇಲ್ಲದಿದ್ದರೆ? ಕುರ್ಚಿ ಸಮೇತ ಎತ್ತಿಕೊಂಡು ಹೋಗುತ್ತಾರಾ? ರ‍್ಯಾಂಪ್ ತರಿಸಲು ಮೊದಲೇ ಯಾರಿಗೆ ಹೇಳಬೇಕು?

ಇನ್ನೊಂದು ವಿಷಯ. ನಮ್ಮದು ಬೆಳಗಿನ ವಿಮಾನ. ಮಂಜು ಬಿದ್ದರೆ ತಡವಾಗುತ್ತೆ ಅಲ್ವಾ? ಒಂದು ದಿನ ಮುಂಚೆಯೇ ಹೊರಡೋದು ಒಳ್ಳೇದಾ?

ವಯಸ್ಸಾದವರನ್ನು ಹೀಗೆ ಕರ್ಕೊಂಡು ಹೋದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.