ಸಹಾಯ ಬೇಕು: ನಾನೇ ಹಾಡಿದ ತತ್ವಪದಕ್ಕೆ ಕಾಪಿರೈಟ್ ಕ್ಲೇಮ್

ನಮಸ್ಕಾರ. ನಾನು ಸ್ವಂತ ಹಾಡುಗಳ ಜೊತೆ ಜನಪದವನ್ನೂ ಹಾಡಿ ಯೂಟ್ಯೂಬ್‌ಗೆ ಹಾಕುತ್ತೇನೆ. ಹೋದ ವಾರ ಶಿಶುನಾಳ ಶರೀಫರ ಒಂದು ತತ್ವಪದ ಹಾಕಿದೆ. ಏಕತಾರಿ, ದಮ್ಮಡಿ ಎರಡನ್ನೂ ನಾನೇ ನುಡಿಸಿದ್ದು. ಮರುದಿನವೇ ಒಂದು ಕ್ಯಾಸೆಟ್ ಕಂಪನಿಯ ಕ್ಲೇಮ್ (ಹಾಡಿನ ಹಕ್ಕು ತಮ್ಮದೆಂಬ ದಾವೆ) ಬಂತು. ಈಗ ಜಾಹೀರಾತಿನ ದುಡ್ಡೆಲ್ಲ ಅವರಿಗೆ.

ಶರೀಫರು ತೀರಿಕೊಂಡಿದ್ದು 1889ರಲ್ಲಿ. ನಮ್ಮ ಕಾಯ್ದೆಯಲ್ಲಿ ಕವಿ ತೀರಿಹೋದ 60 ವರ್ಷಕ್ಕೆ ಹಕ್ಕು ಮುಗಿಯುತ್ತದೆ, ಅಲ್ವಾ? ಕಂಪನಿಗೆ ಎರಡು ಸಲ ಮೇಲ್ ಮಾಡಿದೆ, ಉತ್ತರವಿಲ್ಲ. ತೊಡಕಿರುವುದು ಧಾಟಿಯಲ್ಲಿ. ನಾನು ಅಜ್ಜನಿಂದ ಕಲಿತದ್ದು ಕ್ಯಾಸೆಟ್‌ನ ಧಾಟಿಗೂ ಹತ್ತಿರವಿದೆ. ಕ್ಯಾಸೆಟ್‌ನಲ್ಲಿ ಸಂಗೀತ ನಿರ್ದೇಶಕರ ಹೆಸರಿದೆ, ಹಾಗಾಗಿ ಧಾಟಿ ಅವರದೇ ಅನ್ನಬಹುದು. ಡಿಸ್ಪ್ಯೂಟ್ (ಕ್ಲೇಮ್‌ಗೆ ಯೂಟ್ಯೂಬ್‌ನಲ್ಲಿ ಹಾಕುವ ಆಕ್ಷೇಪಣೆ) ಸೋತು ಮುಂದೆ ಸ್ಟ್ರೈಕ್ (ಚಾನೆಲ್‌ಗೇ ಕುತ್ತು ತರಬಹುದಾದ ಯೂಟ್ಯೂಬ್ ದಂಡನೆ) ಬಿದ್ದರೆ ಅನ್ನೋ ಭಯ. ಚಾನೆಲ್ಲೇ ನನ್ನ ಬದುಕು.

ಡಿಸ್ಪ್ಯೂಟ್‌ನಲ್ಲಿ ಕಾರಣವಾಗಿ ‘ಪಬ್ಲಿಕ್ ಡೊಮೇನ್’ (ಈಗ ಯಾರ ಹಕ್ಕೂ ಇಲ್ಲದ್ದು) ಆರಿಸಬೇಕೋ, ‘ಒರಿಜಿನಲ್ ಕಂಟೆಂಟ್’ (ನನ್ನದೇ ಸ್ವಂತದ್ದು) ಆರಿಸಬೇಕೋ? ಧಾಟಿ ಹಳೆಯದು ಎಂದು ತೋರಿಸಲು ಯಾವ ಪುರಾವೆ ಕೊಡಬೇಕು?