ಅಪ್‌ಡೇಟ್: ವೀಡ್ ಕಟರ್ ಹಿಡಿದು ಕೈ ಜೋಮು ಹಿಡಿಯುತ್ತಿದ್ದ ಸಮಸ್ಯೆ

ಅಡಿಕೆ ತೋಟದಲ್ಲಿ ಕಳೆ ಹೊಡೆದ ದಿನ ರಾತ್ರಿಯಿಡೀ ಬೆರಳು ಜೋಮು ಹಿಡಿಯುತ್ತದೆ, ಏನು ಮಾಡಲಿ ಎಂದು ಕೇಳಿದ್ದೆನಲ್ಲ, ಅದರ ಮುಂದಿನ ಕಥೆ ಇದು.

"ಮೊದಲು ಬ್ಲೇಡ್ ನೋಡಿ" ಎಂದವರ ಸಲಹೆಯೇ ಫಲ ಕೊಟ್ಟಿತು. ಬಿಚ್ಚಿ ಸಮತಟ್ಟು ಕಲ್ಲಿನ ಮೇಲಿಟ್ಟರೆ ಒಂದು ಅಂಚು ಮೇಲೆದ್ದಿತ್ತು. ಬಾಗಿದ ಬ್ಲೇಡ್ ತಿರುಗಿದರೆ ಇಡೀ ಪೈಪೇ ಅದುರುತ್ತದೆ. ತಟ್ಟಿ ನೇರ ಮಾಡಬೇಡಿ, ಹೊಸದೇ ಹಾಕಿ. ಹ್ಯಾಂಡಲ್ ಬುಡದ ರಬ್ಬರೂ ಸವೆದಿತ್ತು, ಅದನ್ನೂ ಬದಲಿಸಿದೆ. ಕೈ ಹಾಕುವ ಮೊದಲು ಎಂಜಿನ್ ಆಫ್ ಮಾಡಿ ಸ್ಪಾರ್ಕ್ ಪ್ಲಗ್ ಕ್ಯಾಪ್ ತೆಗೆಯಿರಿ. ಇನ್ನೊಂದು, ಹೆಚ್ಚಿನ ಯಂತ್ರಗಳಲ್ಲಿ ಬ್ಲೇಡಿನ ನಟ್ ಉಲ್ಟಾ ಥ್ರೆಡ್. ಬಲಕ್ಕೆ ತಿರುಗಿಸಿದರೆ ಸಡಿಲವಾಗುತ್ತದೆ. ಗೊತ್ತಿಲ್ಲದಿದ್ದರೆ ಸುಮ್ನೆ ಗುದ್ದಾಡಬೇಕು!

ದಪ್ಪ ಗ್ಲೌಸ್ ನನಗೆ ಆಗಿಬರಲಿಲ್ಲ. ಹಿಡಿತ ಸಿಗದೆ ಇನ್ನೂ ಜೋರಾಗಿ ಅಮುಕಿ ಹಿಡಿಯುವಂತಾಯಿತು. ಬಿಗಿಯಾಗಿ ಹಿಡಿದಷ್ಟೂ ಅದುರು ಜಾಸ್ತಿ ಕೈಗೆ ಬರುತ್ತದೆ. ಬೆಲ್ಟ್ ಸರಿಮಾಡಿ ಭಾರವನ್ನು ಭುಜಕ್ಕೆ ಬಿಟ್ಟದ್ದೇ ಅದಕ್ಕಿಂತ ವಾಸಿ.

ಆಶ್ಚರ್ಯವಾಗಿದ್ದು ಲೆಕ್ಕ ನೋಡಿ. ಅದುರು ಎರಡು ಪಟ್ಟಾದರೆ ಕೆಲಸ ಮಾಡಬಹುದಾದ ಸಮಯ ಅರ್ಧವಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಯುರೋಪಿನ ನಿಯಮದಲ್ಲಿ 8 ಗಂಟೆಯ ಕೆಲಸಕ್ಕೆ ಲೆಕ್ಕ ಹಾಕಿದ ಅದುರು 2.5 m/s² (ಅದುರನ್ನು ಅಳೆಯುವ ಮಾನ) ದಾಟಿದರೆ ಮಾಲೀಕರು ಕ್ರಮ ತೆಗೆದುಕೊಳ್ಳಬೇಕು. ಮ್ಯಾನುಯಲ್‌ನಲ್ಲಿ ಅದುರು 5 ಎಂದಿರುವ ಯಂತ್ರ 2 ಗಂಟೆಗೇ ಅಲ್ಲಿಗೆ ಮುಟ್ಟುತ್ತದೆ, 10 ಇದ್ದರೆ ಅರ್ಧ ಗಂಟೆಗೆ! ಈಗ ನಾನೂ ತಮ್ಮನೂ ಟ್ಯಾಂಕ್ ಖಾಲಿಯಾದಾಗಲೆಲ್ಲ ಕೈ ಬದಲಿಸುತ್ತೇವೆ. ಹೊಡೆಯದವರು 15 ಮೀಟರ್ ದೂರ, ಕಲ್ಲು ಸಿಡಿಯುತ್ತದೆ ಅಲ್ವಾ.

ಜೋಮು ಪೂರ್ತಿ ಹೋಗಿಲ್ಲ, ಆದರೆ ನಿದ್ದೆ ಕೆಡುವುದಿಲ್ಲ. ಚಳಿಗೆ ಬೆರಳ ತುದಿ ಬಿಳಿಚಿಕೊಳ್ಳುವವರು ಮಾತ್ರ ಕಾಯದೆ ಡಾಕ್ಟರ್‌ಗೆ ತೋರಿಸಿ.